2.4 ಸ್ಟೇಬಲ್ ಮತ್ತು ಮೇನ್: ಫಿಕ್ಸ್ ಮೊದಲು ಯಾವ ಬ್ರಾಂಚ್‌ಗೆ ಹಾಕಬೇಕು?

ಎರಡುಕೊಂಬೆ:

ನಮಸ್ಕಾರ. ನಾವು ಮೂರು ಜನ ಸೇರಿ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ ನೋಡಿಕೊಳ್ಳುತ್ತಿದ್ದೇವೆ. ಲಾಗ್ ಫೈಲ್ ಓದಿ, ಪ್ರತಿ ಸಾಲನ್ನೂ ಬಿಡಿಸಿ ಕೊಡುವುದು ಅದರ ಕೆಲಸ, ಅಷ್ಟೇ. ಜನ ಬಳಸುತ್ತಿರುವುದು 2.4, ಅದೇ ನಮ್ಮ ಸ್ಟೇಬಲ್ ಬ್ರಾಂಚ್ (ಬ್ರಾಂಚ್ ಅಂದ್ರೆ ಕೋಡ್‌ನ ಪ್ರತ್ಯೇಕ ಕವಲು). ಮೇನ್ ಬ್ರಾಂಚ್‌ನಲ್ಲಿ 3.0 ಕೆಲಸ ನಡೆಯುತ್ತಿದೆ. ಒಳಗಿನ ಪಾರ್ಸರ್ (ಸಾಲನ್ನು ಬಿಡಿಸುವ ಭಾಗ) ಪೂರ್ತಿ ಹೊಸದು, ಕೆಲವು ಫಂಕ್ಷನ್‌ಗಳ ಹೆಸರೂ ಬದಲಾಗಿದೆ.

ತಲೆನೋವು ಏನು ಅಂದ್ರೆ, ಬಗ್ ಬಂದಾಗ ಯಾರ ಕೈಗೆ ಯಾವ ಬ್ರಾಂಚ್ ಸಿಕ್ಕುತ್ತದೋ ಅಲ್ಲೇ ಫಿಕ್ಸ್ ಹಾಕಿಬಿಡುತ್ತಾರೆ. ಬಳಕೆದಾರರು 2.4ರ ಬಗ್ ಹೇಳಿದರೆ 2.4 ಬ್ರಾಂಚ್‌ನಲ್ಲೇ ಸರಿಮಾಡಿ 2.4.3 ಬಿಟ್ಟಾಯಿತು. ಅದು ಮೇನ್‌ಗೆ ಹೋಯಿತಾ ಇಲ್ವಾ ಅಂತ ಯಾರಿಗೂ ಗೊತ್ತಿಲ್ಲ. ಮೊನ್ನೆ 3.0 ಬೀಟಾ ಹಾಕಿಕೊಂಡವರೊಬ್ಬರು ಬಂದು, 2.4.3ರಲ್ಲಿ ಸರಿಹೋಗಿದ್ದ ಬಗ್ ಇಲ್ಲಿ ಮತ್ತೆ ಬಂದಿದೆಯಲ್ಲ ಅಂದರು. ಅವರು ಹೇಳಿದ್ದು ಸರಿ.

ಈಗ ನಮ್ಮಲ್ಲೇ ಜಗಳ. ಒಬ್ಬರು ಹೇಳುತ್ತಾರೆ, ಮೊದಲು ಸ್ಟೇಬಲ್‌ನಲ್ಲಿ ಫಿಕ್ಸ್ ಹಾಕಿ ಆಮೇಲೆ ಅದನ್ನು ಮೇನ್‌ಗೆ ಮರ್ಜ್ ಮಾಡೋಣ, ಅಂದ್ರೆ ಆ ಬ್ರಾಂಚನ್ನೇ ಮೇನ್‌ಗೆ ಸೇರಿಸೋಣ ಅಂತ. ಇನ್ನೊಬ್ಬರು, ಮೇನ್‌ನಲ್ಲಿ ಹಾಕಿ ಸ್ಟೇಬಲ್‌ಗೆ ಚೆರಿ-ಪಿಕ್ ಮಾಡೋಣ, ಅಂದ್ರೆ ಆ ಒಂದು ಬದಲಾವಣೆಯನ್ನು ಮಾತ್ರ ನಕಲು ಮಾಡಿ ಹಾಕೋಣ ಅಂತ. ದೊಡ್ಡ ಪ್ರಾಜೆಕ್ಟ್‌ಗಳು ಏನು ಮಾಡುತ್ತವೆ? ನಮ್ಮಂಥ ಚಿಕ್ಕ ತಂಡಕ್ಕೆ ಯಾವುದು ಸರಿ? ಇದರ ಜೊತೆಗೆ ‘ಡೆವಲಪ್’ ಅಂತ ಬೇರೆ ಬ್ರಾಂಚ್ ಕೂಡ ಬೇಕಾ?

ಪ್ಯಾಚ್‌ಪುಟ್ಟ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಮೇನ್ ಅಂದ್ರೇನೇ ಡೆವಲಪ್‌ಮೆಂಟ್. ರಿಲೀಸ್ ಬಿಟ್ಟಾಗ ಟ್ಯಾಗ್ (ಆ ಹೊತ್ತಿನ ಕೋಡ್‌ಗೆ ಒಂದು ಹೆಸರಿನ ಗುರುತು) ಹಾಕಿ. ಹಳೆಯದಕ್ಕೆ ಫಿಕ್ಸ್ ಬೇಕು ಅಂತಾದಾಗ ಆ ಟ್ಯಾಗ್‌ನಿಂದ ಬ್ರಾಂಚ್ ತೆಗೆಯಬಹುದು, ಮೊದಲೇ ತೆಗೆದಿಡಬೇಕು ಅಂತೇನಿಲ್ಲ. ಮಾಸ್ಟರ್, ಡೆವಲಪ್, ರಿಲೀಸ್, ಹಾಟ್‌ಫಿಕ್ಸ್ ಅಂತೆಲ್ಲ ಕೊಂಬೆ ಬಿಡಿಸುವ ಗಿಟ್-ಫ್ಲೋ 2010ರದ್ದು. ಅದನ್ನು ಬರೆದವರೇ 2020ರಲ್ಲಿ ಆ ಬರಹದ ತಲೆಗೆ ಒಂದು ಟಿಪ್ಪಣಿ ಸೇರಿಸಿದರು: ದಿನಾ ಡಿಪ್ಲಾಯ್ ಆಗುವ ವೆಬ್ ಆ್ಯಪ್ ಆದರೆ ಇದಕ್ಕಿಂತ ಸರಳವಾದದ್ದು ನೋಡಿಕೊಳ್ಳಿ, ವರ್ಷನ್ ನಂಬರ್ ಹಾಕಿ ಬಿಡುವ, ಹಳೆಯ ವರ್ಷನ್‌ಗಳನ್ನೂ ನೋಡಿಕೊಳ್ಳಬೇಕಾದ ಸಾಫ್ಟ್‌ವೇರ್‌ಗೆ ಇದು ಈಗಲೂ ಆಗಬಹುದು ಅಂತ. ನಿಮ್ಮದು ಎರಡನೆಯ ಜಾತಿ, ನಿಜ. ಆದರೂ ಮೂರು ಜನಕ್ಕೆ ಅಷ್ಟೊಂದು ಕೊಂಬೆ ಯಾಕೆ?

ಮರ್ಜಾ ಚೆರಿ-ಪಿಕ್ಕಾ ಅನ್ನುವುದು ಆಮೇಲಿನ ಮಾತು. ಎರಡರಲ್ಲಿ ಯಾವುದೋ ಒಂದು ದಿಕ್ಕು ಹಿಡಿಯಿರಿ, ಎಲ್ಲರೂ ಅದೇ ದಿಕ್ಕಿನಲ್ಲಿ ಹೋಗಿ. ಈಗ ನಿಮ್ಮಲ್ಲಿ ಎರಡೂ ಕಡೆಯಿಂದ ಗಾಡಿ ಓಡಾಡುತ್ತಿದೆ, ಅದಕ್ಕೇ ಬಗ್ ಕಳೆದುಹೋಗುತ್ತಿದೆ.

ಹಳೆಕೊಂಬೆ:

ನನ್ನ ಓಟು ಕೆಳಗಿನಿಂದ ಮೇಲಕ್ಕೆ, ಅಂದ್ರೆ ಸ್ಟೇಬಲ್‌ನಿಂದ ಮೇನ್‌ಗೆ ಮರ್ಜ್. ಗಿಟ್ ಪ್ರಾಜೆಕ್ಟ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಸಾಧನವನ್ನೇ ಕಟ್ಟುವವರು) ಹೀಗೇ ನಡೆಯುತ್ತದೆ. ಅವರಲ್ಲಿ ‘ಮೇಂಟ್’ ಅಂತ ಹಳೆಯ ರಿಲೀಸ್‌ನ ಬ್ರಾಂಚ್, ಅದರ ಮೇಲೆ ‘ಮಾಸ್ಟರ್’, ಅದರ ಮೇಲೆ ಇನ್ನೂ ಹದಕ್ಕೆ ಬರುತ್ತಿರುವ ಕೆಲಸಕ್ಕೆ ‘ನೆಕ್ಸ್ಟ್’, ಕೊನೆಗೆ ಸುಮ್ನೆ ನೋಡೋಣ ಅಂತ ಹಾಕಿದ್ದಕ್ಕೆ ‘ಸೀನ್’. ಗಿಟ್ ಜೊತೆ ಬರುವ ದಾಖಲೆಯಲ್ಲೇ ನಿಯಮ ಇದೆ: ಫಿಕ್ಸ್ ಬೇಕಾಗಿರುವ, ಇನ್ನೂ ನೋಡಿಕೊಳ್ಳುತ್ತಿರುವ ಬ್ರಾಂಚ್‌ಗಳಲ್ಲಿ ಯಾವುದು ತೀರಾ ಹಳೆಯದೋ ಅದಕ್ಕೆ ಕಮಿಟ್ (ದಾಖಲಾದ ಒಂದು ಬದಲಾವಣೆ) ಹಾಕು, ಅಲ್ಲಿಂದ ಮೇಲಕ್ಕೆ ಮರ್ಜ್ ಮಾಡುತ್ತಾ ಹೋಗು.

ಇದರ ಲಾಭ ಏನು ಗೊತ್ತಾ? ಫಿಕ್ಸ್ ತಪ್ಪಿಸಿಕೊಳ್ಳುವುದಕ್ಕೆ ಜಾಗವೇ ಇರುವುದಿಲ್ಲ. 2.4 ಬ್ರಾಂಚನ್ನು ಮೇನ್‌ಗೆ ಮರ್ಜ್ ಮಾಡಿದ ಮೇಲೆ 2.4ರಲ್ಲಿ ಇರುವ ಪ್ರತಿ ಕಮಿಟ್ಟೂ ಮೇನ್‌ನಲ್ಲಿ ಇದೆ, ಅದೇ ಹ್ಯಾಶ್‌ನಲ್ಲಿ (ಹ್ಯಾಶ್ ಅಂದ್ರೆ ಕಮಿಟ್‌ನ ಗುರುತಿನ ಸಂಖ್ಯೆ). ‘ಗಿಟ್ ಬ್ರಾಂಚ್ --ಕಂಟೇನ್ಸ್’ ಕೊಟ್ಟರೆ ಯಾವ ಫಿಕ್ಸ್ ಎಲ್ಲೆಲ್ಲಿ ಇದೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ. ‘ಗಿಟ್ ಲಾಗ್ ಮೇನ್..2.4’ ಖಾಲಿ ಬಂತು ಅಂದ್ರೆ ಬಾಕಿ ಏನೂ ಇಲ್ಲ. ಚೆರಿ-ಪಿಕ್ ಮಾಡಿದರೆ ಹ್ಯಾಶ್ ಬೇರೆ ಆಗುತ್ತದೆ, ಅವೆರಡೂ ಒಂದೇ ಫಿಕ್ಸ್ ಅಂತ ಗಿಟ್‌ಗೆ ಗೊತ್ತಿರುವುದಿಲ್ಲ, ಆಮೇಲೆ ಮನುಷ್ಯರೇ ಲೆಕ್ಕ ಇಡಬೇಕು.

ಡಿಫ್‌ನೋಡುವವ:

ಹಳೆಕೊಂಬೆ ಅವರು ಹೇಳಿದ್ದು ಪುಸ್ತಕದ ಪ್ರಕಾರ ಸರಿ, ಆದರೆ ಪ್ರಶ್ನೆ ಕೇಳಿದವರ ಸ್ಥಿತಿ ನೋಡಿ. ಪಾರ್ಸರ್ ಪೂರ್ತಿ ಹೊಸದು ಅಂತಿದ್ದಾರೆ. ಮರ್ಜ್ ಚೆನ್ನಾಗಿ ನಡೆಯುವುದು ಎರಡು ಬ್ರಾಂಚ್ ಹತ್ತಿರ ಹತ್ತಿರ ಇರುವಾಗ. ದೂರ ಆದಷ್ಟೂ ಪ್ರತಿ ಮರ್ಜ್‌ಗೂ ಕಾನ್‌ಫ್ಲಿಕ್ಟ್ (ಎರಡು ಕಡೆಯ ಬದಲಾವಣೆ ಒಂದೇ ಜಾಗದಲ್ಲಿ ಡಿಕ್ಕಿ ಹೊಡೆಯುವುದು), ಅದನ್ನು ಬಿಡಿಸುವವರಿಗೆ ಆ ಫಿಕ್ಸ್ ಬರೆದದ್ದು ಯಾರು, ಯಾಕೆ ಅಂತ ಗೊತ್ತೇ ಇರುವುದಿಲ್ಲ. ಕ್ಯೂಟಿ ಪ್ರಾಜೆಕ್ಟ್ (ಆ್ಯಪ್‌ಗಳ ಪರದೆ ಕಟ್ಟುವ ಲೈಬ್ರರಿ) ಬಹಳ ವರ್ಷ ಹೀಗೆ ಹಳೆಯದರಿಂದ ಹೊಸದಕ್ಕೆ ಮರ್ಜ್ ಮಾಡುತ್ತಿತ್ತು. ಕ್ಯೂಟಿ 6ರ ಹೊತ್ತಿಗೆ ಅದನ್ನು ಬಿಟ್ಟು, ಮೊದಲು ಡೆವ್ ಬ್ರಾಂಚ್‌ಗೆ ಹಾಕು, ಕಮಿಟ್ ಮೆಸೇಜ್‌ನಲ್ಲಿ ‘ಪಿಕ್-ಟು’ ಅಂತ ಒಂದು ಸಾಲು ಬರೆದು ಯಾವ ಬ್ರಾಂಚ್‌ಗೆ ಹೋಗಬೇಕು ಅಂತ ಹೇಳು, ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಚೆರಿ-ಪಿಕ್ ಮಾಡುತ್ತದೆ ಅನ್ನುವ ಪದ್ಧತಿಗೆ ಬಂತು.

ಲಿನಕ್ಸ್ ಕರ್ನಲ್‌ನಲ್ಲಂತೂ (ಲಿನಕ್ಸ್‌ನ ತಿರುಳು) ಇದು ಗಟ್ಟಿ ನಿಯಮ. ಸ್ಟೇಬಲ್‌ಗೆ ಬರುವ ಪ್ಯಾಚ್, ಇಲ್ಲವೇ ಅದಕ್ಕೆ ಸಮನಾದದ್ದು, ಮೊದಲು ಲಿನಕ್ಸ್ ಶುರುಮಾಡಿದ ಲೈನಸ್ ಟೋರ್ವಾಲ್ಡ್ಸ್ ಅವರ ಮೇನ್‌ಲೈನ್‌ನಲ್ಲಿ (ಮುಖ್ಯ ಕೋಡ್) ಇರಬೇಕು. ಸುತ್ತಲಿನ ಸಾಲುಗಳೂ ಸೇರಿ 100 ಸಾಲು ದಾಟಬಾರದು, ನಿಜವಾದ ಬಗ್ ಸರಿಮಾಡುವಂಥದ್ದಾಗಿರಬೇಕು. ‘ಇಲ್ಲಿ ರೇಸ್ ಆದರೂ ಆಗಬಹುದೇನೋ’ (ರೇಸ್ ಅಂದ್ರೆ ಒಟ್ಟಿಗೆ ಓಡುವ ಎರಡು ಕೆಲಸ ಒಂದಕ್ಕೊಂದು ಅಡ್ಡಬರುವುದು) ಅನ್ನುವ ಊಹೆಯ ಪ್ಯಾಚ್‌ಗೆ ಅಲ್ಲಿ ಜಾಗ ಇಲ್ಲ. ಪ್ಯಾಚ್ ಬರೆಯುವವರೇ ಮೆಸೇಜ್‌ನ ಕೆಳಗೆ ‘ಸಿಸಿ: ಸ್ಟೇಬಲ್’ ಅಂತ ಹಾಕುತ್ತಾರೆ, ಯಾವ ಕಮಿಟ್‌ನಿಂದ ಈ ಬಗ್ ಹುಟ್ಟಿತು ಅಂತ ‘ಫಿಕ್ಸಸ್’ ಸಾಲಿನಲ್ಲಿ ಹ್ಯಾಶ್ ಕೊಡುತ್ತಾರೆ. ಆ ‘ಫಿಕ್ಸಸ್’ ಸಾಲು ನನಗೆ ಎಲ್ಲಕ್ಕಿಂತ ಇಷ್ಟ. ಬಗ್ ಹುಟ್ಟಿಸಿದ ಕಮಿಟ್ ಹಳೆಯ ಬ್ರಾಂಚ್‌ನಲ್ಲಿ ಇಲ್ಲವೇ ಇಲ್ಲ ಅಂದ್ರೆ ಅಲ್ಲಿಗೆ ಫಿಕ್ಸ್ ಕಳಿಸುವ ಮಾತೇ ಇಲ್ಲ, ಅಲ್ವಾ? ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಪೈಥಾನ್ ಭಾಷೆ, ಅದರಲ್ಲಿ ವೆಬ್ ಆ್ಯಪ್ ಕಟ್ಟುವ ಜಾಂಗೋ ಕೂಡ ಮೇನ್ ಮೊದಲು. ಪೈಥಾನ್‌ನಲ್ಲಿ ಪುಲ್ ರಿಕ್ವೆಸ್ಟ್‌ಗೆ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ‘ಬ್ಯಾಕ್‌ಪೋರ್ಟ್ ಬೇಕು’, ಅಂದ್ರೆ ಹಳೆಯ ವರ್ಷನ್‌ಗೂ ಹಾಕಬೇಕು ಅಂತ ಲೇಬಲ್ ಅಂಟಿಸಿದರೆ ಮರ್ಜ್ ಆದ ಕೂಡಲೇ ಬಾಟ್ ಹಳೆಯ ಬ್ರಾಂಚ್‌ಗೆ ಇನ್ನೊಂದು ಪುಲ್ ರಿಕ್ವೆಸ್ಟ್ ತೆಗೆಯುತ್ತದೆ. ಕಾನ್‌ಫ್ಲಿಕ್ಟ್ ಬಂದರೆ ‘ನನ್ನ ಕೈಲಿ ಆಗಲ್ಲ, ನೀವೇ ಮಾಡಿ’ ಅಂತ ಹೇಳಿ ಕೈತೊಳೆದುಕೊಳ್ಳುತ್ತದೆ.

ಹ್ಯಾಶ್ ಬೇರೆ ಆಗುತ್ತದೆ ಅನ್ನುವ ದೂರಿಗೆ: ಚೆರಿ-ಪಿಕ್ ಮಾಡುವಾಗ ತಪ್ಪದೆ ‘-ಎಕ್ಸ್’ ಕೊಡಿ. ಮೂಲ ಕಮಿಟ್‌ನ ಹ್ಯಾಶ್ ಮೆಸೇಜ್‌ನಲ್ಲೇ ಬಂದು ಕೂರುತ್ತದೆ, ಆಮೇಲೆ ಲಾಗ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಹಳೆಕೊಂಬೆ:

‘-ಎಕ್ಸ್’ ಕೊಡುವುದು ನೆನಪಿದ್ದರೆ ತಾನೇ. ಮರ್ಜ್‌ಗೆ ಯಾರ ನೆನಪೂ ಬೇಡ. ಇನ್ನೊಂದು ಮಾತು, ಮೇನ್ ಮೊದಲು ಅಂದಾಗ ಫಿಕ್ಸ್ ಬರೆಯುವವರು ಹೊಸ ಕೋಡ್‌ನ ಸೌಕರ್ಯ ನೋಡಿ ಬರೆಯುತ್ತಾರೆ, ಹೊಸ ಹೆಲ್ಪರ್ ಫಂಕ್ಷನ್ ಬಳಸುತ್ತಾರೆ, ಅದು 2.4ರಲ್ಲಿ ಇರುವುದೇ ಇಲ್ಲ. ಹಳೆಯದರಲ್ಲಿ ಬರೆದರೆ ಫಿಕ್ಸ್ ತಾನಾಗಿ ಚಿಕ್ಕದಾಗುತ್ತದೆ.

ಆದರೂ ಒಪ್ಪುತ್ತೇನೆ, ಪಾರ್ಸರೇ ಬೇರೆ ಆಗಿದ್ದರೆ ಮರ್ಜ್ ಕಷ್ಟ. ಪ್ರಶ್ನೆ ಕೇಳಿದವರು ಎಷ್ಟು ದೂರ ಹೋಗಿದೆ ಅಂತ ಒಂದು ಉದಾಹರಣೆ ತೋರಿಸಲಿ.

ಎರಡುಕೊಂಬೆ:

ಇಬ್ಬರಿಗೂ ಥ್ಯಾಂಕ್ಸ್, ನಮ್ಮ ತಂಡದ ಜಗಳವನ್ನೇ ಇಲ್ಲಿ ಮತ್ತೆ ಓದಿದ ಹಾಗಾಯಿತು :) ಉದಾಹರಣೆ ಕೊಡುತ್ತೇನೆ, ಬೀಟಾದಲ್ಲಿ ವಾಪಸ್ ಬಂದ ಆ ಬಗ್ ಅನ್ನೇ.

ಲಾಗ್ ಸಾಲಿನ ಶುರುವಿನಲ್ಲಿ ಸಮಯ ಇರುತ್ತದೆ, ಅದರ ಕೊನೆಗೆ ಟೈಮ್‌ಜೋನ್. ಕೆಲವರ ಲಾಗ್‌ನಲ್ಲಿ ಟೈಮ್‌ಜೋನ್ ಇರುವುದಿಲ್ಲ. 2.4ರಲ್ಲಿ ಸಮಯ ಓದುವುದೆಲ್ಲ ಒಂದೇ ಉದ್ದ ಫಂಕ್ಷನ್‌ನಲ್ಲಿತ್ತು, ಅಲ್ಲಿ ಟೈಮ್‌ಜೋನ್ ಖಾಲಿ ಇದ್ದರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂತ ಹಿಡಿ ಅಂತ ಎರಡು ಸಾಲಿನ ಇಫ್ ಹಾಕಿದರು, ಮುಗಿಯಿತು. 3.0ರಲ್ಲಿ ಆ ಫಂಕ್ಷನ್ ಇಲ್ಲ. ಸಾಲನ್ನು ತುಂಡು ಮಾಡುವುದು ಒಂದು ಫೈಲ್, ತುಂಡುಗಳಿಗೆ ಅರ್ಥ ಹಚ್ಚುವುದು ಇನ್ನೊಂದು ಫೈಲ್. ಟೈಮ್‌ಜೋನ್ ಇಲ್ಲದಿದ್ದರೆ ಮೊದಲ ಹಂತದಲ್ಲೇ ತುಂಡುಗಳ ಲೆಕ್ಕ ಒಂದು ಕಡಿಮೆ ಬರುತ್ತದೆ, ಎರಡನೇ ಹಂತ ಪಕ್ಕದ ತುಂಡನ್ನೇ ಟೈಮ್‌ಜೋನ್ ಅಂದುಕೊಂಡು ಓದಿಬಿಡುತ್ತದೆ. ಎರರ್ ಕೂಡ ಬರುವುದಿಲ್ಲ, ಸುಮ್ನೆ ತಪ್ಪು ಸಮಯ ಕೊಡುತ್ತದೆ. ಬಗ್ ಅದೇ, ಫಿಕ್ಸ್ ಮಾತ್ರ ಪೂರ್ತಿ ಬೇರೆ. ಇಲ್ಲಿ ಮರ್ಜ್ ಮಾಡಲಿ, ಚೆರಿ-ಪಿಕ್ ಮಾಡಲಿ, ಏನೂ ಪ್ರಯೋಜನ ಇಲ್ಲವಲ್ಲ?

ಡಿಫ್‌ನೋಡುವವ:

ಹೌದು, ಇಲ್ಲಿ ಎರಡು ಸಲ ಬರೆಯಲೇಬೇಕು. ಇದು ನಿಮಗೊಬ್ಬರಿಗೇ ಬಂದ ಕಷ್ಟ ಅಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿ, ಒಂದೊಂದು ಮೇಜರ್ ವರ್ಷನ್ನನ್ನೂ 5 ವರ್ಷ ನೋಡಿಕೊಳ್ಳುತ್ತಾರೆ, ಪ್ರತಿ ವರ್ಷ ಹೊಸದೊಂದು ಬರುತ್ತದೆ, ಹಾಗಾಗಿ ಯಾವಾಗಲೂ ಐದು ಸ್ಟೇಬಲ್ ಬ್ರಾಂಚ್ ಜೀವಂತ. ಅಲ್ಲಿ ಬ್ರಾಂಚ್‌ಗಳ ನಡುವೆ ಮರ್ಜ್ ಮಾಡುವುದೇ ಇಲ್ಲ. ಕಮಿಟರ್ ಒಬ್ಬರೇ ಕುಳಿತು ಬೇಕಾದ ಎಲ್ಲ ಬ್ರಾಂಚ್‌ಗೂ ಪ್ಯಾಚ್ ತಯಾರು ಮಾಡಿ, ಎಲ್ಲದಕ್ಕೂ ಒಂದೇ ಕಮಿಟ್ ಮೆಸೇಜ್ ಕೊಟ್ಟು, ಒಟ್ಟಿಗೆ ಪುಶ್ ಮಾಡುತ್ತಾರೆ. ಒಳಗಿನ ಕೋಡ್ ಬ್ರಾಂಚ್‌ನಿಂದ ಬ್ರಾಂಚ್‌ಗೆ ಬೇರೆ ಇರಬಹುದು, ಮೆಸೇಜ್ ಒಂದೇ ಆದ್ದರಿಂದ ರಿಲೀಸ್ ನೋಟ್ಸ್ ಬರೆಯುವಾಗ ಇವೆಲ್ಲ ಒಂದೇ ಫಿಕ್ಸ್ ಅಂತ ಜೋಡಿಸಿಕೊಳ್ಳಬಹುದು. ಒಬ್ಬರೇ, ಒಂದೇ ಸಲಕ್ಕೆ ಮಾಡುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ. ‘ಮೇನ್‌ಗೆ ಆಮೇಲೆ ಯಾರಾದರೂ ಹಾಕುತ್ತಾರೆ’ ಅಂದಲ್ಲೇ ಫಿಕ್ಸ್ ಸಾಯುವುದು.

ನಿಮ್ಮ ಉದಾಹರಣೆಯಲ್ಲಿ ಬ್ರಾಂಚ್ ದಾಟಿ ಹೋಗಬೇಕಾದದ್ದು ಫಿಕ್ಸ್ ಅಲ್ಲ, ಟೆಸ್ಟ್. ಟೈಮ್‌ಜೋನ್ ಇಲ್ಲದ ಒಂದು ಲಾಗ್ ಸಾಲು, ಅದರಿಂದ ಬರಬೇಕಾದ ಸಮಯ. ಈ ಟೆಸ್ಟ್‌ಗೆ ಒಳಗೆ ಪಾರ್ಸರ್ ಒಂದಿದೆಯೋ ಎರಡಿದೆಯೋ ಗೊತ್ತಾಗಬೇಕಿಲ್ಲ. ಮುಂದೆ ಇಂಥ ಬಗ್ ಬಂದಾಗ ಟೆಸ್ಟನ್ನು ಪ್ರತ್ಯೇಕ ಕಮಿಟ್ ಮಾಡಿ ಮೊದಲು ಎರಡೂ ಕಡೆ ಹಾಕಿ, ಎರಡೂ ಕಡೆ ಕೆಂಪಾಗಲಿ, ಅಂದ್ರೆ ಫೇಲ್ ಆಗಲಿ. ಆಮೇಲೆ ಎರಡೂ ಕಡೆ ಬೇರೆ ಬೇರೆ ಫಿಕ್ಸ್ ಬರೆದು ಹಸಿರು ಮಾಡಿ. ಟೆಸ್ಟ್ ಕಮಿಟ್ ಸಲೀಸಾಗಿ ಚೆರಿ-ಪಿಕ್ ಆಗಬೇಕು ಅಂದ್ರೆ ಟೆಸ್ಟ್ ಫೈಲ್‌ಗಳ ಹೆಸರು, ಜಾಗ ಮೇನ್‌ನಲ್ಲಿ ಬದಲಾಯಿಸಬೇಡಿ. ಫಂಕ್ಷನ್ ಹೆಸರು ಬದಲಾಗಿದೆ ಅಂದಿರಲ್ಲ, ಟೆಸ್ಟ್‌ಗಳು ಅದನ್ನು ಕರೆಯುವುದಕ್ಕೆ ಮಧ್ಯೆ ಒಂದು ಚಿಕ್ಕ ಹೊದಿಕೆ ಫಂಕ್ಷನ್ ಇಟ್ಟರೆ ಬ್ರಾಂಚ್‌ಗೊಂದರಂತೆ ಬೇರೆ ಇರಬೇಕಾದದ್ದು ಆ ಒಂದು ಫೈಲ್ ಮಾತ್ರ.

ಸುಮ್ನೆಓದುವವ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಮರ್ಜ್, ಪಿಕ್ ಅಂತ ಜಗಳ ಆಡುತ್ತಿದ್ದೀರಿ. ನನಗೆ ಕಾಣುವ ರೋಗ ಬೇರೆ. ಮೇನ್ ಯಾಕೆ 2.4ರಿಂದ ಅಷ್ಟು ದೂರ ಹೋಯಿತು? 3.0 ಶುರುವಾಗಿ ಎಷ್ಟು ಕಾಲ ಆಯಿತು?

ಕರ್ನಲ್‌ನವರಿಗೂ ಇದೇ ಆಗಿತ್ತು. ಆಗ ಮಧ್ಯದ ಅಂಕಿ ಸಮ ಇದ್ದರೆ ಸ್ಟೇಬಲ್, ಬೆಸ ಇದ್ದರೆ ಡೆವಲಪ್‌ಮೆಂಟ್. ಕರ್ನಲ್‌ನ 2.4.0 (ನಿಮ್ಮ 2.4 ಅಲ್ಲ) ಬಂದದ್ದು 2001ರ ಜನವರಿ. 2.5 ಅಂತ ಡೆವಲಪ್‌ಮೆಂಟ್ ಸಾಲು ನಡೆದು 2.6.0 ಹೊರಬಂದದ್ದು 2003ರ ಡಿಸೆಂಬರ್‌ನಲ್ಲಿ. ಹತ್ತಿರ ಹತ್ತಿರ 3 ವರ್ಷ. ಅಷ್ಟು ದಿನ ಯಾರು ಕಾಯುತ್ತಾರೆ? ಡಿಸ್ಟ್ರೊದವರು (ಲಿನಕ್ಸನ್ನು ಕಟ್ಟಿ ಹಂಚುವವರು) 2.5ರ ಫೀಚರ್‌ಗಳನ್ನು ಕಿತ್ತು ತಮ್ಮ ತಮ್ಮ 2.4ಗೆ ಹೊಲಿದುಕೊಂಡರು. ಜನ ಬಳಸುತ್ತಿದ್ದ ‘ಸ್ಟೇಬಲ್’ ಕರ್ನಲ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗಾದವು, ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಆಮೇಲೆ ಬೆಸ ಅಂಕಿಯ ಪದ್ಧತಿಯನ್ನೇ ಬಿಟ್ಟರು. ಈಗ 2 ವಾರ ಮರ್ಜ್ ವಿಂಡೋ ತೆರೆದಿರುತ್ತದೆ, ಹೊಸದೆಲ್ಲ ಆಗಲೇ ಒಳಗೆ ಬರಬೇಕು, ಆಮೇಲೆ ವಾರಕ್ಕೊಂದು ಆರ್‌ಸಿ (ಪರೀಕ್ಷೆಗೆ ಬಿಡುವ ಆವೃತ್ತಿ), 9–10 ವಾರಕ್ಕೆ ಒಂದು ಕರ್ನಲ್. ಬಿಟ್ಟ ರಿಲೀಸ್‌ಗಳಿಗೆ ಫಿಕ್ಸ್ ಕೊಡುವ ಸ್ಟೇಬಲ್ ಟ್ರೀ 2005ರಲ್ಲಿ 2.6.11ರಿಂದ ಶುರುವಾಯಿತು, ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಅದನ್ನು ಶುರುಮಾಡಿದವರು.

ಡೆವಲಪ್‌ಮೆಂಟ್ ಸಾಲು ತೆರೆದೇ ಇದ್ದಷ್ಟು ದಿನ ಬ್ಯಾಕ್‌ಪೋರ್ಟ್ ಖರ್ಚು ಬೆಳೆಯುತ್ತಲೇ ಇರುತ್ತದೆ. ಬ್ರಾಂಚ್ ನೀತಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ತಡೆಯಲಾಗದು. 3.0ರಲ್ಲಿ ಹೊಸ ಪಾರ್ಸರ್ ಒಂದನ್ನೇ ಇಟ್ಟು ಬೇಗ ಬಿಟ್ಟುಬಿಡಿ, ಹೆಸರು ಬದಲಾವಣೆ ಇತ್ಯಾದಿ ಮುಂದಕ್ಕೆ ಹಾಕಿ. ಹಳೆಯ ಹೆಸರುಗಳನ್ನು ವಾರ್ನಿಂಗ್ ಕೊಟ್ಟು ಹಾಗೇ ಉಳಿಸಿಕೊಂಡರೆ ಆಗದಾ?

ಪ್ಯಾಚ್‌ಪುಟ್ಟ:

ಇದಕ್ಕೆ ನನ್ನದೂ ಒಂದು ಓಟು. ಮೇಲಿನ ಎಲ್ಲಕ್ಕಿಂತ ಹೆಚ್ಚು ಕೆಲಸ ಉಳಿಸುವ ಸಲಹೆ ಇದೇ. ಹೆಸರು ಬದಲಾಯಿಸುವ ಕಮಿಟ್‌ಗಳು ಬ್ಯಾಕ್‌ಪೋರ್ಟ್‌ಗೆ ಶತ್ರು, ಲಾಭ ಕಣ್ಣಿಗೆ ಮಾತ್ರ, ಕಾನ್‌ಫ್ಲಿಕ್ಟ್ ಎಲ್ಲ ಕಡೆ. ಇಡೀ ಕೋಡ್‌ಗೆ ಫಾರ್ಮ್ಯಾಟರ್ (ಕೋಡ್‌ನ ಜೋಡಣೆ ಸರಿಮಾಡುವ ಸಾಧನ) ಓಡಿಸುವುದೂ ಅಷ್ಟೇ. ಓಡಿಸಲೇಬೇಕು ಅಂತಿದ್ದರೆ ಒಂದೇ ದಿನ ಎರಡೂ ಬ್ರಾಂಚ್‌ನಲ್ಲಿ ಓಡಿಸಿ.

ಎರಡುಕೊಂಬೆ:

3.0 ಶುರುವಾಗಿ ವರ್ಷದ ಮೇಲಾಯಿತು. ಹೆಸರು ಬದಲಾವಣೆ ವಾಪಸ್ ತೆಗೆಯುವ ಬಗ್ಗೆ ತಂಡದಲ್ಲಿ ಕೇಳಿದೆ, ಒಬ್ಬರ ಮುಖ ಸಣ್ಣಗಾಯಿತು, ಆದರೂ ಒಪ್ಪಿದರು. ಹಳೆಯ ಹೆಸರುಗಳೂ ನಡೆಯುವ ಹಾಗೆ ಮಾಡುತ್ತೇವೆ. ಇನ್ನು ಮುಂದೆ ಮೇನ್ ಮೊದಲು, ಆಮೇಲೆ 2.4ಗೆ ‘-ಎಕ್ಸ್’ ಜೊತೆ ಪಿಕ್, ಆಗದಿದ್ದರೆ ಟೆಸ್ಟ್ ಮಾತ್ರ ಪಿಕ್ ಮಾಡಿ ಫಿಕ್ಸ್ ಕೈಯಲ್ಲಿ ಬರೆಯುವುದು ಅಂತ ಬರೆದಿಟ್ಟೆವು. ಹಳೆಕೊಂಬೆ ಅವರೇ, ಕ್ಷಮಿಸಿ.

ಈಗ ಎರಡು ಪ್ರಶ್ನೆ ಉಳಿದಿವೆ. ಇಲ್ಲಿಯವರೆಗೆ 2.4ರಲ್ಲಿ ಮಾತ್ರ ಇರುವ ಫಿಕ್ಸ್‌ಗಳನ್ನು ಪತ್ತೆ ಮಾಡುವುದು ಹೇಗೆ? ಮತ್ತೆ 2.4ಗೆ ಏನು ಬಿಡಬಹುದು, ಏನು ಬಿಡಬಾರದು? ಒಬ್ಬರು ಪ್ರತಿ ವಾರ ಬಂದು ‘ಈ ಚಿಕ್ಕ ಫೀಚರ್ ಒಂದನ್ನು 2.4ಗೂ ಹಾಕಿಕೊಡಿ’ ಅಂತ ಕೇಳುತ್ತಾರೆ.

ಹಳೆಕೊಂಬೆ:

ಕ್ಷಮೆ ಯಾಕೆ, ನಿಮ್ಮ ಕೋಡ್ ನೋಡಿದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಪತ್ತೆ ಮಾಡಲು ‘ಗಿಟ್ ಚೆರಿ -ವಿ ಮೇನ್ 2.4’ ಕೊಡಿ. ಇದು ಹ್ಯಾಶ್ ನೋಡುವುದಿಲ್ಲ, ಪ್ಯಾಚ್‌ನ ಒಳಗಿನ ಬದಲಾವಣೆಯನ್ನೇ ಹೋಲಿಸುತ್ತದೆ. ಮೇನ್‌ನಲ್ಲಿ ಅಂಥದ್ದೇ ಇದ್ದರೆ ಮೈನಸ್ ಗುರುತು, ಇಲ್ಲದಿದ್ದರೆ ಪ್ಲಸ್. ಒಂದು ಎಚ್ಚರಿಕೆ: ಪಿಕ್ ಮಾಡುವಾಗ ಕಾನ್‌ಫ್ಲಿಕ್ಟ್ ಬಿಡಿಸಿ ಏನಾದರೂ ತಿದ್ದಿದ್ದರೆ ಪ್ಯಾಚ್ ಬೇರೆ ಆಗಿರುತ್ತದೆ, ಆಗಲೂ ಪ್ಲಸ್ಸೇ ಬರುತ್ತದೆ. ಹಾಗಾಗಿ ಮೈನಸ್ ಬಂದದ್ದನ್ನು ಬಿಡಿ, ಪ್ಲಸ್ ಬಂದದ್ದನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಪ್ರತಿ ಪ್ಲಸ್‌ಗೂ ಟೆಸ್ಟ್ ಇದ್ದರೆ ಆ ಟೆಸ್ಟನ್ನು ಮೇನ್‌ನಲ್ಲಿ ಓಡಿಸಿಬಿಡಿ, ವಾದ ಮುಗಿಯಿತು. ಎರಡು ಬ್ರಾಂಚ್ ನಡುವೆ ಓಡಾಡುವಾಗ ಪದೇ ಪದೇ ಚೆಕೌಟ್ ಮಾಡುತ್ತಾ ಕೂರಬೇಡಿ, ‘ಗಿಟ್ ವರ್ಕ್‌ಟ್ರೀ’ ಹಾಕಿಕೊಂಡರೆ ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಸಿಗುತ್ತದೆ, ಬಿಲ್ಡ್ ಕೂಡ ಹಾಗೇ ಉಳಿಯುತ್ತದೆ.

ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಒಂದೇ ಫೈಲ್ ಇದ್ದರೆ ಪ್ರತಿ ಪಿಕ್‌ಗೂ ಅಲ್ಲೇ ಕಾನ್‌ಫ್ಲಿಕ್ಟ್, ಗ್ಯಾರಂಟಿ. ಪೈಥಾನ್‌ನವರ ಹಾಗೆ ಬದಲಾವಣೆಗೊಂದು ಚಿಕ್ಕ ಫೈಲ್ ಬರೆದು, ರಿಲೀಸ್ ದಿನ ಎಲ್ಲ ಸೇರಿಸಿ.

ಡಿಫ್‌ನೋಡುವವ:

ಎರಡನೆಯದಕ್ಕೆ ನನ್ನ ಉತ್ತರ: 2.4ಗೆ ಫೀಚರ್ ಬೇಡ, ಎಷ್ಟೇ ಚಿಕ್ಕದಿರಲಿ. ಕ್ರ್ಯಾಶ್, ತಪ್ಪು ಫಲಿತಾಂಶ, ಸೆಕ್ಯುರಿಟಿ, ಬಿಲ್ಡ್ ಆಗದಿರುವುದು, ಇಷ್ಟಕ್ಕೆ ಮಾತ್ರ ಬಾಗಿಲು. ವೇಗ ಹೆಚ್ಚಿಸುವ ಪ್ಯಾಚ್ ಕೂಡ ಬೇಡ ಅಂತೀನಿ ನಾನು, ಅದರಲ್ಲೇ ಹೊಸ ಬಗ್‌ಗಳು ಹುಟ್ಟುವುದು. ಇನ್ನು ಕೆಲವು ಫಿಕ್ಸ್‌ಗಳು ನಿಜವಾಗಿ ಫಿಕ್ಸೇ ಆಗಿರುತ್ತವೆ, ಆದರೂ ಹಳೆಯ ತಪ್ಪು ನಡವಳಿಕೆಯನ್ನೇ ನಂಬಿಕೊಂಡು ಜನ ಕೋಡ್ ಬರೆದಿರುತ್ತಾರೆ. ನಿಮ್ಮ ಯುಟಿಸಿ ಫಿಕ್ಸನ್ನೇ ನೋಡಿ, ಯಾರಾದರೂ ಖಾಲಿ ಟೈಮ್‌ಜೋನ್‌ಗೆ ತಾವೇ ಹೊರಗಿನಿಂದ ಗಂಟೆ ಕೂಡಿಸಿಕೊಳ್ಳುತ್ತಿದ್ದರೆ 2.4.3 ಹಾಕಿದ ಮೇಲೆ ಅವರ ಲೆಕ್ಕ ತಲೆಕೆಳಗು. ಅಂಥದ್ದನ್ನು ರಿಲೀಸ್ ನೋಟ್ಸ್‌ನ ಮೊದಲ ಸಾಲಿಗೆ ತನ್ನಿ.

ಪ್ರತಿ ವಾರ ಬರುವವರಿಗೆ 3.0 ಬೀಟಾ ತೋರಿಸಿ. ಫೀಚರ್ ಬೇಕು ಅಂದವರೇ ಒಳ್ಳೆಯ ಬೀಟಾ ಟೆಸ್ಟರ್.

ಸುಮ್ನೆಓದುವವ:

ಒಂದು ಸೇರಿಸಲಾ? 2.4 ಬ್ರಾಂಚ್‌ನಲ್ಲಿ ತಿಂಗಳುಗಟ್ಟಲೆ ಯಾರೂ ಕಮಿಟ್ ಮಾಡದಿದ್ದರೆ ಸಿಐ (ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಕೂಡ ಓಡುವುದಿಲ್ಲ. ಅಷ್ಟರಲ್ಲಿ ಅದು ಓಡುತ್ತಿದ್ದ ಹಿಂದಿನ ಸಿಸ್ಟಮ್ ಇಮೇಜ್ ಹೋಗಿರುತ್ತದೆ, ಯಾವುದೋ ಡಿಪೆಂಡೆನ್ಸಿ (ನಿಮ್ಮ ಕೋಡ್ ನೆಚ್ಚಿಕೊಂಡ ಬೇರೆ ಲೈಬ್ರರಿ) ಹೊಸದಾಗಿರುತ್ತದೆ. ಸೆಕ್ಯುರಿಟಿ ಫಿಕ್ಸ್ ತುರ್ತಾಗಿ ಬಿಡಬೇಕಾದ ದಿನವೇ ಬಿಲ್ಡ್ ಕೆಂಪು. ವಾರಕ್ಕೊಮ್ಮೆ ತಾನಾಗಿ ಓಡುವ ಹಾಗೆ ಇಟ್ಟುಬಿಡಿ. ಡಿಪೆಂಡೆನ್ಸಿ ವರ್ಷನ್‌ಗಳನ್ನು ಆ ಬ್ರಾಂಚ್‌ನಲ್ಲಿ ಗಟ್ಟಿಯಾಗಿ ಕಟ್ಟಿಹಾಕಿ.

2.4 ಯಾವತ್ತು ಮುಗಿಯುತ್ತದೆ ಅಂತ ಬರೆದಿದ್ದೀರಾ? ಎಲ್ಲೂ ಕಾಣಲಿಲ್ಲ.

ಎರಡುಕೊಂಬೆ:

ಬರೆದಿಲ್ಲ. 3.0 ಬಂದ ಮೇಲೆ 6 ತಿಂಗಳು ಬಗ್ ಫಿಕ್ಸ್, ಅದರ ನಂತರ ಇನ್ನು 6 ತಿಂಗಳು ಸೆಕ್ಯುರಿಟಿ ಮಾತ್ರ ಅಂತ ಹಾಕಿದರೆ ಕಡಿಮೆ ಆಯಿತಾ? ಮುಗಿದ ಮೇಲೆ ಬ್ರಾಂಚ್ ಅಳಿಸಬೇಕಾ?

ಪ್ಯಾಚ್‌ಪುಟ್ಟ:

ಮೂರು ಜನಕ್ಕೆ ಅಷ್ಟು ಸಾಕು. ಆಗುವುದಕ್ಕಿಂತ ಜಾಸ್ತಿ ಹೇಳಬೇಡಿ. ಕರ್ನಲ್‌ನಲ್ಲೇ ಕೆಲವು ಎಲ್‌ಟಿಎಸ್‌ಗಳಿಗೆ (ಹೆಚ್ಚು ಕಾಲ ನೋಡಿಕೊಳ್ಳುವ ವರ್ಷನ್) 6 ವರ್ಷ ಕೊಡುತ್ತಿದ್ದರು, 2023ರಲ್ಲಿ ಹೊಸದಕ್ಕೆ 2 ವರ್ಷ ಅಂತ ಇಳಿಸುವುದಾಗಿ ಹೇಳಿದರು. ನೋಡಿಕೊಳ್ಳುವ ಜನ ಇಲ್ಲದೆ ವರ್ಷ ಎಣಿಸಿ ಏನು ಮಾಡುವುದು. ತಿಂಗಳ ಲೆಕ್ಕ ಹಾಕಿ ಬಿಟ್ಟುಬಿಡಬೇಡಿ, 3.0 ಬಿಟ್ಟ ದಿನವೇ ಕ್ಯಾಲೆಂಡರ್ ತಾರೀಖು ನೋಡಿ ರೀಡ್‌ಮಿಯಲ್ಲಿ ಬರೆಯಿರಿ.

ಬ್ರಾಂಚ್ ಅಳಿಸಿದರೂ ನಷ್ಟ ಇಲ್ಲ, ಕೊನೆಯ ಕಮಿಟ್‌ಗೆ ಟ್ಯಾಗ್ ಇದ್ದರೆ ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು. ನಾನಾದರೆ ಅಳಿಸುವುದಿಲ್ಲ, ಯಾರೋ ಅದರ ಲಿಂಕ್ ಇಟ್ಟುಕೊಂಡಿರುತ್ತಾರೆ. ಪುಶ್ ಆಗದ ಹಾಗೆ ಲಾಕ್ ಮಾಡಿ, ಅದರ ರೀಡ್‌ಮಿಯ ಮೊದಲ ಸಾಲಿನಲ್ಲಿ ‘ಇದು ನಿಂತಿದೆ, 3.x ನೋಡಿ’ ಅಂತ ಹಾಕಿಬಿಡಿ. ಆ ವಾರಕ್ಕೊಮ್ಮೆಯ ಸಿಐ ಕೂಡ ಆಗಲೇ ನಿಲ್ಲಿಸಿ, ಇಲ್ಲದಿದ್ದರೆ ಸತ್ತ ಬ್ರಾಂಚ್ ಪ್ರತಿ ವಾರ ಮೂರೂ ಜನಕ್ಕೆ ಫೇಲ್ ಮೇಲ್ ಕಳಿಸುತ್ತಾ ಕೂರುತ್ತದೆ.